ಎರಡು ನೂಲು

ಈರಲಿಂಗಪ್ಪನವರ ಅಳತೆ ಇಂಚು, ನೂಲು. ನನ್ನ ಮಷಿನ್ನಿನ ಅಳತೆ ಮಿಲಿಮೀಟರು. ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಒಂದು ನೂಲು. ಪ್ಲೈವುಡ್ ಚೂರಿನ ಮೇಲೆ ಅವರು ಪೆನ್ಸಿಲ್ಲಿನಲ್ಲಿ ಬರೆದು ತರುವ ಅಂಕಿಗಳನ್ನು ಮಿಲಿಮೀಟರಿಗೆ ಇಳಿಸಿ ಹಲಗೆ ಕೊಯ್ದು ಕೊಡುವುದು ನನ್ನ ಕೆಲಸ. ಹಿಂದೂಪುರದಲ್ಲಿ ಹರಿಕೃಷ್ಣ ಎಂಬವರ ಬೀರು ಮಾಡುವ ಶೆಡ್ಡಿನಲ್ಲಿ ಆರು ವರ್ಷದಿಂದ ಇದೇ ನಡೆದಿದೆ. ಸೋಮಂದೇಪಲ್ಲಿಯಿಂದ ಬೆಳಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಮರದ ಪುಡಿ. ಮನೆಗೆ ಹೋಗಿ ತಲೆ ಬಾಚಿದರೂ ಪುಡಿಯೇ ಉದುರುತ್ತದೆ.

ಈರಲಿಂಗಪ್ಪನವರದು ಸೆಟ್ಟೂರು. ಹದಿನಾರಕ್ಕೆ ಉಳಿ ಹಿಡಿದವರಿಗೆ ಈಗ ಅರವತ್ತೆರಡು. ಕಲ್ಯಾಣದುರ್ಗದ ಸುತ್ತ ಬಾಗಿಲು, ಮಂಚ, ತೊಟ್ಟಿಲು ಎಂದರೆ ಇವರನ್ನೇ ಕರೆಯುತ್ತಿದ್ದರಂತೆ. ಎಲ್ಲ ರೆಡಿಮೇಡ್ ಆದ ಮೇಲೆ ನಮ್ಮ ಶೆಡ್ಡಿಗೆ ಬಂದರು. ಮನೆಮನೆಗೆ ಹೋಗಿ ಅಳತೆ ತರುವುದು, ನಾನು ಕೊಯ್ದ ಹಲಗೆಗಳನ್ನು ಅಲ್ಲಿ ಕೂಡಿಸುವುದು ಅವರ ಪಾಲಿನ ಕೆಲಸ. ಒಂದಿಷ್ಟು ಜಂಬದ ಮನುಷ್ಯ. ಆ ಜಂಬ ನನಗೆ ಇಷ್ಟವಾಗುತ್ತಿತ್ತು ಎಂದು ಈಗ ಹೇಳಿ ಏನು ಪ್ರಯೋಜನ!

ಎರಡು ವರ್ಷದ ಹಿಂದೆ ಒಂದು ಮನೆಯಿಂದ ಹಲಗೆಗಳೆಲ್ಲ ವಾಪಸ್ ಬಂದವು. ಒಂದೊಂದೂ ಎರಡು ನೂಲು ದೊಡ್ಡದು. ಹಳೇ ಕಾಲದ ಮರವಾಗಿದ್ದರೆ ಅಲ್ಲೇ ಕೀಸುಳಿ ಹಾಕಿ ಸರಿಮಾಡಬಹುದಿತ್ತು. ಇವು ಮೇಲೆ ಲ್ಯಾಮಿನೇಟು, ಅಂಚಿಗೆ ಪಟ್ಟಿ ಅಂಟಿಸಿದ ಹಲಗೆಗಳು. ಕೀಸಿದರೆ ಮಾನ ಹೋಗುತ್ತದೆ. ಹರಿಕೃಷ್ಣ ಎಲ್ಲರ ಮುಂದೆಯೇ ಈರಲಿಂಗಪ್ಪನವರಿಗೆ ಅಂದರು:

"ಇನ್ನೊಂದ್ ಸಲ ಹಿಂಗಾದ್ರೆ ಮನೇಲೇ ಇದ್ದುಬುಡು ತಾತಾ."

ತಾತ ಟೀಗೆ ಹೋದಾಗ ನಾನು ಅವರ ಟೇಪು ಎಳೆದು ನೋಡಿದೆ. ತುದಿಯ ಕೊಕ್ಕೆ ಮುರಿದಿತ್ತು, ಜೊತೆಗೆ ಎರಡು ನೂಲು ಪಟ್ಟಿಯೂ ಹೋಗಿತ್ತು. ಗೋಡೆಗೆ ಒತ್ತಿ ಅಳೆದರೆ ಪ್ರತಿಸಲವೂ ಎರಡು ನೂಲು ಹೆಚ್ಚು ತೋರಿಸುತ್ತದೆ. ಕಣ್ಣಿಗೆ ಪೊರೆ ಬಂದಿದ್ದ ಅವರಿಗೆ ಅದು ಕಂಡಿರಲಿಲ್ಲ. ಹೇಳೋಣವೆಂದು ಟೇಪು ಹಿಡಿದುಕೊಂಡು ಹೋದರೆ, "ನಲವತ್ತನಾಲ್ಕು ವರ್ಷದಾಗೆ ಇದೇ ಮೊದ್ಲು ಕಣಮ್ಮ ನನ್ ಅಳತೆ ತಪ್ಪಿದ್ದು," ಎಂದು ಮುಖ ಆ ಕಡೆ ತಿರುಗಿಸಿದರು. ನಾನು ಟೇಪನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಮರುಕದಿಂದ ಸುಮ್ಮನಾದೆ ಎಂದರೆ ಅರ್ಧ ಸುಳ್ಳು. ನನಗೂ ಸುಸ್ತಾಗಿತ್ತು. ಹೇಳಬೇಕು, ಸಮಾಧಾನ ಮಾಡಬೇಕು, ಆರರ ಬಸ್ಸೂ ಹಿಡಿಯಬೇಕು. ಅದಕ್ಕಿಂತ ಎರಡು ನೂಲು ಕಳೆದು ಕೊಯ್ಯುವುದು ಸುಲಭವಾಗಿತ್ತು.

ಅಂದಿನಿಂದ ಹಾಗೇ ಮಾಡಿದೆ. ಹಲಗೆಗಳು ಅಚ್ಚುಕಟ್ಟಾಗಿ ಕೂರತೊಡಗಿದವು. ಪ್ರತಿ ಮನೆಯಿಂದ ಬಂದಾಗಲೂ, "ನೋಡಿದೇನಮ್ಮ ಶ್ರೀಲತಾ, ಕೈ ಇನ್ನೂ ಐತೆ!" ಎನ್ನುತ್ತಿದ್ದರು. ನಾನು ಮಷಿನ್ನಿನಿಂದ ತಲೆ ಎತ್ತದೆ "ಹೂಂ ತಾತಾ" ಎನ್ನುತ್ತಿದ್ದೆ.

ಹೋದ ತಿಂಗಳು ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. "ಲೋಕಾನೆ ತೊಳ್ದಿಟ್ಟಂಗೈತೆ," ಎನ್ನುತ್ತಾ ಹೊಸ ಕನ್ನಡಕದಲ್ಲಿ ಬಂದು ಕಲ್ಯಾಣದುರ್ಗದ ಅಳತೆ ಕೊಟ್ಟರು. ಸರ್ವಮಂಗಳಮ್ಮ ಎಂಬ ರಿಟೈರ್ಡ್ ಟೀಚರ ಮನೆಯ ಗೋಡೆ ಬೀರು. ಚೌಕಟ್ಟು ಮೊದಲೇ ಇದೆ. ಐದು ಅಡ್ಡಹಲಗೆ, ಎರಡು ಬಾಗಿಲು ಬೇಕು. ಆ ಟೀಚರ ಮದುವೆ ಮಂಚ ಮಾಡಿದ್ದೂ ಇವರೇ. ನಾನು ಕನ್ನಡಕ ನೋಡಿ ಚೆನ್ನಾಗಿದೆ ಎಂದೆ. ಸೊಂಟದಲ್ಲಿದ್ದ ಟೇಪಿನ ಕಡೆ ನೋಡಲಿಲ್ಲ. ಎಂದಿನಂತೆ ಪ್ರತಿ ಅಂಕಿಯಿಂದಲೂ ಎರಡು ನೂಲು ಕಳೆದೆ.

ಕೂರಿಸುವ ದಿನ ಆಳು ಬಂದಿರಲಿಲ್ಲವೆಂದು ಹರಿಕೃಷ್ಣ ಹಲಗೆಗಳ ಜೊತೆ ಟೆಂಪೋದಲ್ಲಿ ನನ್ನನ್ನೂ ಕಳಿಸಿದರು. ಸರ್ವಮಂಗಳಮ್ಮ ಕಾಫಿ ಕೊಟ್ಟು, "ಈರಲಿಂಗಪ್ಪ ಕೂರಿಸಿದ್ರೆ ಇರುವೆ ತೂರಲ್ಲ ಕಣಮ್ಮ," ಎಂದು ಎದುರಿಗೇ ಕುರ್ಚಿ ಹಾಕಿಕೊಂಡರು. ಈರಲಿಂಗಪ್ಪನವರು ಮೊದಲ ಹಲಗೆ ಇಟ್ಟರು. ಒಂದು ಬದಿ ತಾಗಿಸಿದರೆ ಇನ್ನೊಂದು ಬದಿಯಲ್ಲಿ ಸಂದು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಸಂದಿಗೆ ಹಿಡಿದರು. ಮೊನೆ ಪೂರ್ತಿ ಒಳಗಿಳಿಯಿತು.

ಆಗ ಅವರು ಸೊಂಟದಿಂದ ಟೇಪು ತೆಗೆದರು. ಹಳದಿಯದು, ಹೊಚ್ಚ ಹೊಸದು. ಸರಿಯಿದ್ದ ಅಳತೆಯಿಂದಲೇ ನಾನು ಎರಡು ನೂಲು ಕಳೆದಿದ್ದೆ.

ಹಲಗೆ ಅಳೆದರು, ಅಳತೆ ಬರೆದಿದ್ದ ಪ್ಲೈವುಡ್ ಚೂರು ನೋಡಿದರು, ನನ್ನನ್ನು ನೋಡಿದರು. ಹೊರಗೆ ಜಗಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಕಂಬ ಹಿಡಿದು ಕೂತರು.

"ಆಪರೇಷನ್ ಆದ್ಮೇಲೆ ಟೇಪಿನ ತುದಿ ಕಾಣ್ತು. ನಿನ್ನೆ ಮೊನ್ನೆ ಮುರಿದಿರ್ಬೇಕು ಅಂದ್ಕಂಡು ಹೊಸದು ತಂದೆ. ಹಲಗೆ ಎಲ್ಲಾ ಸರಿಯಾಗೇ ಕೂರ್ತಿದ್ವಲ್ಲ. ಎಷ್ಟ್ ದಿನದಿಂದಮ್ಮ ಕಳೀತಿದ್ದೆ?"

"ಎರಡು ವರ್ಷ ತಾತಾ."

ಅಷ್ಟರಲ್ಲಿ ಅವರ ಮೊಬೈಲಿಗೆ ಹರಿಕೃಷ್ಣ ಫೋನ್ ಮಾಡಿದರು. ಟೀಚರು ಆಗಲೇ ದೂರು ಹೇಳಿಬಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಈರಲಿಂಗಪ್ಪ ಕೈ ಅಡ್ಡ ಹಿಡಿದು, "ನನ್ ಅಳತೆನೇ ತಪ್ಪು ಸಾರ್," ಎಂದರು. ಆ ಕಡೆಯಿಂದ ಬಂದ ಮಾತಿಗೆಲ್ಲ "ಸರೇಲೇ ಸಾರ್, ಸರೇಲೇ" ಎಂದು ಒಪ್ಪಿ ಫೋನ್ ಇಟ್ಟರು. ಆ ಮುದಿ ಕೈಯನ್ನು ಸರಿಸಿ ಫೋನು ಕಿತ್ತುಕೊಳ್ಳಲು ನನಗೆ ಶಕ್ತಿಯೇನು ಬೇಕಿರಲಿಲ್ಲ. ಕಿತ್ತುಕೊಳ್ಳಲಿಲ್ಲ. ನನಗೂ ಕೆಲಸ ಬೇಕಿತ್ತು.

"ಯಾಕ್ ತಾತಾ ಸುಳ್ ಹೇಳಿದ್ರಿ?"

"ಸುಳ್ಳೇನೈತಮ್ಮ ಅದ್ರಾಗೆ? ಎರಡ್ ವರ್ಷದ್ ತಪ್ಪು, ಇವತ್ ಒಪ್ಕಂಡೆ."

ವಾಪಸ್ ಬಸ್ಸಿನಲ್ಲಿ ಉಳಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಿಂದೂಪುರ ಹತ್ತಿರ ಬಂದಾಗ ಹೊಸ ಟೇಪನ್ನು ನನ್ನ ಕೈಗೆ ಕೊಟ್ಟರು. ಕೋಪವೇನೂ ಇರಲಿಲ್ಲ, ದಣಿದಿದ್ದರು ಅಷ್ಟೆ.

"ಕೆಲ್ಸ ಹೋದ್ರೆ ಹೋಯ್ತು ಬುಡು. ಕೈ ಇನ್ನೂ ಐತೆ ಅಂತ ನಿನ್ ಮುಂದೆ ಎಷ್ಟ್ ಸಲ ಕುಣ್ದಾಡಿದೀನಿ. ಪ್ರತಿ ಸಲಾನೂ ಹೂಂ ಅಂದ್ಯಲ್ಲಮ್ಮ."