ಕಾಂಡದಲ್ಲಿ ಹಣ್ಣು ಬಿಡುವ ಮರದ ಮಾಲಿ
ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಮಳೆಕಾಡಿನ ಹಣ್ಣಿನ ಮರವೊಂದಿದೆ. ಅದು ಅಪರೂಪ, ಅದರ ಮಾಲಿತಾತ ಇನ್ನೂ ಅಪರೂಪ. ಬಂದವರು ಹಣ್ಣಿಗಾಗಿ ಕೊಂಬೆಗಳತ್ತ ತಲೆಯೆತ್ತಿದರೆ ತಾತನಿಗೆ ಮೈಯುರಿಯುತ್ತದೆ. “ಮೇಲೇನು ನೋಡ್ತೀಯಪ್ಪಾ, ಇದು ಕಾಂಡದಲ್ಲೇ ಬಿಡೋದು. ಕಂಕುಳ ಮಗು ತರ ಅಂಟ್ಕೊಂಡಿರುತ್ತೆ,” ಎನ್ನುತ್ತಾರೆ. ಹೂವಿನ ನಾತಕ್ಕೆ ಮೂಗು ಮುಚ್ಚಿಕೊಂಡವರಿಗೆ, “ಅದು ಜೀರುಂಡೆಗಳನ್ನ ಕರೀತಿದೆ, ನಿಮ್ಮನ್ನಲ್ಲ,” ಎಂದು ತಿಳಿಹೇಳುತ್ತಾರೆ. ಇಲ್ಲಿ ಆ ಜೀರುಂಡೆಗಳಿಲ್ಲದ ಕಾರಣ ಮೊಮ್ಮಗಳ ಬಣ್ಣದ ಕುಂಚದಿಂದ ಪರಾಗವನ್ನು ತಾವೇ ಹಚ್ಚುತ್ತಾರೆ. ಸಂಜೆ ಮನೆಗೆ ಹೋದರೆ ಹೆಂಡತಿ, “ನಿಮ್ಮ ಇನ್ನೊಂದು ಸಂಸಾರ ಹೇಗಿದೆ?” ಎಂದೇ ವಿಚಾರಿಸುತ್ತಾರೆ, ತಾತ ಊಟ ಮುಗಿಯುವವರೆಗೂ ವರದಿ ಒಪ್ಪಿಸುತ್ತಾರೆ. ಹದಿನೆಂಟು ವರ್ಷಕ್ಕೆ ಈ ಸಲ ಮೊದಲ ಹಣ್ಣಾಯಿತು, ಆದರೆ ಅಷ್ಟರಲ್ಲಿ ಮರದ ಬೇರು ಕೊಳೆತು, ಅದು ಉಳಿಯುವ ಭರವಸೆಯೇ ಇರಲಿಲ್ಲ. ಬೀಜಗಳನ್ನು ಒಣಗಿಸಿ ಪ್ರದರ್ಶನಕ್ಕಿಡಬೇಕೆಂದು ಮೇಲಿನಿಂದ ಆಜ್ಞೆ ಬಂತು. ಒಣಗಿದರೆ ಆ ಬೀಜ ಮತ್ತೆಂದೂ ಮೊಳೆಯದು. ಹಣ್ಣು ಕೊಯ್ದ ದಿನ ಮೇಲ್ವಿಚಾರಕಿ ಬಂದು, “ಎಷ್ಟು ಬೀಜ ಇತ್ತು ತಾತಾ?” ಎಂದು ಕೇಳಿದರು. ತಾತ ತುಟಿ ಬಿಚ್ಚದೆ ಎರಡು ಬೆರಳು ತೋರಿಸಿದರು. ಮೂರನೆಯ ಬೀಜ ಅವರ ಎಡಗೆನ್ನೆಯೊಳಗೆ ಎಂಜಲಿನಲ್ಲಿ ನೆನೆಯುತ್ತಿತ್ತು. ಮೇಲ್ವಿಚಾರಕಿ ಹಣ್ಣಿನ ಹೋಳಿನಲ್ಲಿದ್ದ ಮೂರು ಗುಳಿಗಳನ್ನು ನೋಡಿದರು, ಉಬ್ಬಿದ ಕೆನ್ನೆಯನ್ನೂ ನೋಡಿದರು. “ಹಲ್ಲುನೋವಿರಬೇಕು, ಮಾತಾಡ್ಬೇಡಿ. ಹಿಂದಿನ ನೆರಳಲ್ಲಿ ಒದ್ದೆ ಮಣ್ಣಿನ ಕುಂಡಗಳಿವೆ, ಅಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ,” ಎಂದು ಹೇಳಿ, ಎರಡೇ ಬೀಜಗಳನ್ನು ಡಬ್ಬಿಗೆ ಹಾಕಿಕೊಂಡು ಹೊರಟರು.