ರಾಫಾ ಎಂಬ ಕಲ್ಲನ್ನು ಹೊತ್ತು ಸೊರಬಕ್ಕೆ

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಶಿವಮೊಗ್ಗದಲ್ಲಿ ಶಿಕಾರಿಪುರದ ಕೆಂಪು ಬಸ್ಸು ಹತ್ತಿದೆ. ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಗೋಣಿತಟ್ಟು ಸುತ್ತಿದ ಒಂದು ಕರಿಕಲ್ಲು. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಒಂದಂಗುಲ ದಪ್ಪ. ಅದರ ಮೇಲೆ ‘ಯೆಹೋವ ರಾಫಾ’ ಎಂದು ಕೆತ್ತಿಸಿ ಬಂಗಾರದ ಬಣ್ಣ ತುಂಬಿಸಿದ್ದೆ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ನನ್ನ ಹಳೆಯ ಶಿಷ್ಯೆ ಸುಜಾತ ಮನೆ ಕಟ್ಟಿಸಿದ್ದಳು. ಶುಕ್ರವಾರ ಮನೆ ಪ್ರತಿಷ್ಠೆಯ ಪ್ರಾರ್ಥನೆ. ಪ್ರಸಂಗ, ಅಂದರೆ ದೇವರ ವಾಕ್ಯದ ಬೋಧನೆ, ನನ್ನದು; ಕಲ್ಲೂ ನನ್ನದೇ ಉಡುಗೊರೆ.

ನಮ್ಮ ಕ್ರೈಸ್ತ ಸಭೆಯವರಿಗೆ ಈ ಪದ್ಧತಿ ಹೊಸದಲ್ಲ. ಹೊಸ ಮನೆಯ ಬಾಗಿಲ ಪಕ್ಕದಲ್ಲಿ ದೇವರ ಹೀಬ್ರೂ ಹೆಸರೊಂದನ್ನು ಹಾಕಿಸುತ್ತೇವೆ. ಯೆಹೋವ ಯೀರೆ ಎಂದರೆ ಒದಗಿಸುವವನು, ಶಾಲೋಮ್ ಎಂದರೆ ಸಮಾಧಾನ ಕೊಡುವವನು, ರಾಫಾ ಎಂದರೆ ವಾಸಿಮಾಡುವವನು. ಇಂಥ ಏಳು ಹೆಸರುಗಳ ಪಟ್ಟಿಯನ್ನು ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದವಳು ನಾನು. ನಿದ್ದೆಯಲ್ಲಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತೇನೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತೆಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಆಯನೂರು ದಾಟುತ್ತಲೇ ಕಂಡಕ್ಟರು ನನ್ನ ಕಾಲ ಬಳಿಯಿದ್ದ ಗೋಣಿತಟ್ಟನ್ನು ನೋಡಿದರು.

“ಅಮ್ಮಾರೆ, ಇದ್ರಾಗೆ ಏನೈತ್ರೀ?”

“ದೇವರ ಹೆಸರು ಕಣಪ್ಪ.”

ಅವರು ಒಂದು ಕೈಯಿಂದ ಎತ್ತಿ ನೋಡಿ ಕೆಳಗಿಟ್ಟರು. “ಭಾಳ ತೂಕದ ದೇವ್ರು. ಹೆಂಗಸ್ರಿಗೆ ಟಿಕೆಟ್ ಪುಕ್ಕಟೆ, ಇದಕ್ಕಿಲ್ಲ. ಲಗೇಜು ಇಪ್ಪತ್ತು ರೂಪಾಯಿ ಕೊಡ್ರಿ.”

ಬಸ್ಸಿನವರೆಲ್ಲ ನಕ್ಕರು. ನಾನೂ ನಗುತ್ತಲೇ ಕೊಟ್ಟೆ.

ಶಿಕಾರಿಪುರದ ಹತ್ತಿರ ರಸ್ತೆಯ ಅರ್ಧದಷ್ಟು ಮೆಕ್ಕೆಜೋಳ ಒಣಹಾಕಿದ್ದರು. ಅದನ್ನು ತಪ್ಪಿಸಲು ಡ್ರೈವರು ಬಸ್ಸನ್ನು ಒಮ್ಮೆ ಗುಂಡಿಗಿಳಿಸಿದಾಗ ಕಲ್ಲು ಸೀಟಿನ ಕಬ್ಬಿಣಕ್ಕೆ ಬಡಿಯಿತು. ನಿಲ್ದಾಣದಲ್ಲಿ ಇಳಿದು ಬಿಚ್ಚಿ ನೋಡಿದರೆ ಕಲ್ಲಿಗೆ ಏನೂ ಆಗಿರಲಿಲ್ಲ, ಎರಡು ಅಕ್ಷರಗಳ ಬಣ್ಣ ಎದ್ದಿತ್ತು. ಅಂಗಡಿಯವರನ್ನು ವಿಚಾರಿಸಿದೆ. ನಿಲ್ದಾಣದ ಎದುರಿನ ಓಣಿಯಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತುವ ಖಾದರ್ ಸಾಬರಿದ್ದಾರೆ ಎಂದರು.

ಖಾದರ್ ಸಾಬರಿಗೆ ಅರವತ್ತು ದಾಟಿರಬೇಕು. ಕನ್ನಡಕವನ್ನು ಹಣೆಗೇರಿಸಿ, ಕಲ್ಲಿನ ಅಂಚನ್ನು ಬೆರಳಲ್ಲಿ ತಡವಿ, “ಕೆಲ್ಸ ಚೊಲೋ ಮಾಡ್ಯಾರ. ಇದ್ರ ಅರ್ಥ ಏನ್ರೀ?” ಎಂದರು. ನಾನು ಉತ್ಸಾಹದಿಂದ ಹೇಳಿದೆ. ಅವರು ಸಣ್ಣ ಬ್ರಷ್ಷಿನಿಂದ ಬಣ್ಣ ತುಂಬುತ್ತ, “ನಮ್ಮಲ್ಲೂ ತೊಂಬತ್ತೊಂಬತ್ತು ಹೆಸ್ರು ಅದಾವ್ರಿ. ಮನ್ಯಾಗ ಯಾರಿಗಾದ್ರೂ ಹುಷಾರಿರಲಿಲ್ಲೇನು?” ಎಂದು ಕೇಳಿದರು.

ಸುಜಾತಳ ಗಂಡ ಪ್ರಕಾಶನಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದದ್ದನ್ನು, ಮಾತೂ ನಿಂತದ್ದನ್ನು ಹೇಳಿದೆ.

“ಈಗ ವಾಸಿ ಆತೇನ್ರಿ?”

“ಇನ್ನೂ ಇಲ್ಲ. ಆಗುತ್ತೆ.”

“ಆದ್ಮ್ಯಾಲೆ ಬರಸ್‌ಬೇಕಿತ್ತೇನೋ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬ್ರಷ್ಷು ತೊಳೆದರು. ಕೂಲಿ ಕೇಳಿದರೆ ಬೇಡವೆಂದರು. ಕೂಲಿ ಬಿಟ್ಟರೂ ಅವರ ಆ ಮಾತು ನನಗೆ ಹಿಡಿಸಲಿಲ್ಲ. ನಂಬಿಕೆಯ ವಿಷಯ ಇವರಿಗೇನು ಗೊತ್ತು ಎಂದುಕೊಂಡೇ ಮುಂದಿನ ಬಸ್ಸು ಹತ್ತಿದೆ.

ಆ ಬಸ್ಸಿನಲ್ಲಿ ತೊಗರ್ಸಿಗೆ ಹೊರಟ ಮುದುಕಿಯೊಬ್ಬರು ಪಕ್ಕದಲ್ಲಿ ಕೂತಿದ್ದರು. ಕಲ್ಲಿನ ಕಥೆ ಅವರಿಗೂ ಬೇಕಾಯಿತು. ಏಳೂ ಹೆಸರುಗಳನ್ನು ಕೇಳಿಸಿಕೊಂಡು, “ಕಷ್ಟದಾಗಿದ್ದೋರು ಕರೀತಾರೆ, ಹೆಸ್ರು ಅವರ ಬಾಯಾಗೇ ಹುಟ್ತೈತೆ. ನೀವ್ಯಾಕೆ ಪಟ್ಟಿ ಮಾಡ್ಕಂಡೀರಿ?” ಎಂದರು. ಬಳ್ಳಿಗಾವಿಗೆ ತಿರುಗುವ ದಾರಿಯಲ್ಲಿ ನಾಲ್ಕು ಜನ ಇಳಿದರು, ತೊಗರ್ಸಿಯ ಬಸ್ಸು ಹಿಡಿಯಲು ಶಿರಾಳಕೊಪ್ಪದಲ್ಲಿ ಮುದುಕಿಯೂ ಇಳಿದರು. ಅಲ್ಲೊಂದು ಮಂಡಕ್ಕಿ ಮೆಣಸಿನಕಾಯಿ ತಿಂದು, ಸೊರಬದಲ್ಲಿ ಮತ್ತೊಂದು ಬಸ್ಸು ಹಿಡಿದು, ಕುಪ್ಪಗಡ್ಡೆ ಮುಟ್ಟುವ ಹೊತ್ತಿಗೆ ಒಂದೂವರೆ. ಬಿಸಿಲು ಚುರುಗುಟ್ಟುತ್ತಿತ್ತು, ಕಲ್ಲು ಹೊತ್ತು ತೋಳು ಸೋತುಹೋಗಿತ್ತು.

ಮನೆ ಚಿಕ್ಕದು, ಚೊಕ್ಕದು. ಬಾಗಿಲ ಪಕ್ಕದಲ್ಲಿ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಪ್ರಕಾಶ. ಅವನ ತಲೆಯಿಂದ ಒಂದು ಮೊಳ ಮೇಲೆ, ಗೋಡೆಯಲ್ಲಿ ಗಾರೆಯವರು ನನ್ನ ಕಲ್ಲಿಗಾಗಿಯೇ ಅಳತೆಯ ಗೂಡು ಬಿಟ್ಟಿದ್ದರು. ನನ್ನನ್ನು ನೋಡಿ ಪ್ರಕಾಶ “ಹೂಂ” ಎಂದು ನಕ್ಕ. ಅವನಿಗೆ ಉಳಿದಿರುವುದು ಎರಡೇ ಮಾತು: ಹೂಂ, ಬೇಡ. ಎಲ್ಲವನ್ನೂ ಅವೆರಡರಲ್ಲೇ ನಡೆಸುತ್ತಾನೆ.

ಸುಜಾತ ಹಳ್ಳಿ ಹಳ್ಳಿ ತಿರುಗುವ ನರ್ಸು. ಅವತ್ತು ರಜೆ ಹಾಕಿದ್ದಳು. ಕಲ್ಲು ಬಿಚ್ಚಿ ತೋರಿಸಿದೆ. “ಚೆನ್ನಾಗಿದೆ ಟೀಚರ್,” ಎಂದು ಮತ್ತೆ ಗೋಣಿತಟ್ಟು ಮುಚ್ಚಿದಳು. ಊಟಕ್ಕೆ ಅಕ್ಕಿರೊಟ್ಟಿ, ಕೋಳಿಸಾರು. ಊಟವಾಗಿ, ಪ್ರಕಾಶನನ್ನು ಮಲಗಿಸಿ, ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತು ತೆಗೆದಳು.

“ಬೇಜಾರು ಮಾಡ್ಕೋಬೇಡಿ. ಆ ಕಲ್ಲು ಹಾಕೋದು ಬೇಡ.”

“ಯಾಕೆ?”

“ಇವ್ರು ಬೆಳಗಿಂದ ಸಂಜೆ ತನಕ ಅದೇ ಕಟ್ಟೆ ಮೇಲೆ ಕೂತಿರ್ತಾರೆ. ಬಂದೋರೆಲ್ಲ ಇದರ ಅರ್ಥ ಎಂತದು ಅಂತ ಕೇಳ್ತಾರೆ. ವಾಸಿ ಮಾಡೋ ದೇವ್ರು ಅಂತ ನಾನು ಹೇಳ್ಬೇಕು. ಆಮೇಲೆ ಅವ್ರು ಕಲ್ಲಿನ ಮೇಲಿಂದ ಕಣ್ಣು ಇಳಿಸಿ ಇವರ ಕೈ ನೋಡ್ತಾರೆ. ದಿನಾ ಅದನ್ನ ಇವ್ರು ಹೆಂಗೆ ತಡ್ಕೋಬೇಕು ಟೀಚರ್?”

ನನ್ನ ಬಾಯಿಂದ ಥಟ್ಟನೆ, “ನಿನಗೆ ನಂಬಿಕೆ ಇಲ್ವಾ?” ಎಂದು ಬಂದುಬಿಟ್ಟಿತು.

ಅವಳ ಕಣ್ಣು ತುಂಬಿತು, ದನಿ ಮಾತ್ರ ನಡುಗಲಿಲ್ಲ. “ಇರೋದಕ್ಕೇ ನಾನು ಬೇರೆ ಹೆಸ್ರು ಕೇಳಿದ್ದೆ. ನೀವು ಬೇಡ ಅಂದ್ರಿ.”

ನಿಜ. ಪಾಯ ತೋಡುವಾಗ ಅವಳು ಫೋನಿನಲ್ಲಿ ಕೇಳಿದ್ದು ‘ಎಲ್ ರೋಯಿ’ ಎಂಬ ಹೆಸರು, ನನ್ನನ್ನು ನೋಡುವ ದೇವರು ಎಂದರ್ಥ. ಬೈಬಲಿನ ಕಥೆಯಲ್ಲಿ ಯಜಮಾನಿಯ ಕಾಟ ತಾಳಲಾರದೆ ಬಸುರಿ ದಾಸಿ ಹಾಗರಳು ಮರುಭೂಮಿಗೆ ಓಡಿಹೋಗಿ, ನೀರಿನ ಒರತೆಯ ಬಳಿ ದೇವರಿಗೆ ಇಟ್ಟ ಹೆಸರು. ಅದು ನನ್ನ ಏಳರ ಪಟ್ಟಿಯಲ್ಲಿ ಇರಲೂ ಇಲ್ಲ. “ಅದು ಅಳೋರ ಹೆಸರು ಕಣೆ, ಧೈರ್ಯವಾಗಿ ರಾಫಾ ಅಂತ ಹಾಕಿಸು, ಮನೆ ಒಕ್ಕಲಾಗೋದರೊಳಗೆ ಪ್ರಕಾಶ ಎದ್ದು ಓಡಾಡ್ತಾನೆ,” ಎಂದು ನಾನೇ ತೀರ್ಮಾನ ಮಾಡಿ ಫೋನಿಟ್ಟಿದ್ದೆ.

“ಹಾಗರಳಿಗೆ ಏನೂ ಸರಿಹೋಗಿರಲಿಲ್ಲ,” ಸುಜಾತ ಹೇಳಿದಳು. “ವಾಪಸ್ ಅದೇ ಮನೆಗೆ, ಅದೇ ಯಜಮಾನಿ ಹತ್ರಾನೇ ಹೋಗ್ಬೇಕಿತ್ತು. ಆದ್ರೂ ಹೆಸರಿಟ್ಲು. ನಾನೂ ಬೆಳಿಗ್ಗೆ ಇವರಿಗೆ ಸ್ನಾನ ಮಾಡಿಸ್ತಾ ಆ ಹೆಸರನ್ನೇ ಹೇಳ್ಕೋತೀನಿ. ನೀವೇ ಕಲಿಸಿದ ಕಥೆ.”

ನನಗೆ ತುಂಬ ನಾಚಿಕೆಯಾಯಿತು. ತಪ್ಪಾಯಿತು ಎಂದು ಅವಳ ಕೈ ಹಿಡಿದು ಹೇಳಿದೆ. ಶಿಷ್ಯೆಯ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು.

ಶುಕ್ರವಾರ ಹನ್ನೊಂದಕ್ಕೆ ಪ್ರಾರ್ಥನೆ. ನಮ್ಮವರು ಹನ್ನೆರಡು ಜನ, ಅಕ್ಕಪಕ್ಕದ ಮನೆಗಳಿಂದ ಮೂವತ್ತಕ್ಕೂ ಹೆಚ್ಚು. ಬರೆದು ತಂದಿದ್ದ ಪ್ರಸಂಗವನ್ನು ಚೀಲದಲ್ಲೇ ಬಿಟ್ಟೆ. ಈ ಹೆಸರುಗಳನ್ನು ಯಾರೂ ಪಟ್ಟಿಯಿಂದ ಆರಿಸಿಕೊಳ್ಳಲಿಲ್ಲ, ಎಂದೆ. ಬಲಿಕೊಡಲು ಮಗನ ಬದಲಿಗೆ ಟಗರು ಸಿಕ್ಕ ತಂದೆ ಆ ಬೆಟ್ಟಕ್ಕೆ ಯೀರೆ ಎಂದ. ದೇವದೂತನನ್ನು ಕಂಡು ಇನ್ನು ಸತ್ತೆನೆಂದು ಹೆದರಿ ನಡುಗಿದವನು ತಾನು ಕಟ್ಟಿದ ಬಲಿಪೀಠಕ್ಕೆ ಶಾಲೋಮ್ ಎಂದ. ರಾಫಾ ಎಂಬುದು ಕೇಳಿಬಂದದ್ದು ಮರುಭೂಮಿಯಲ್ಲಿ ಬಾಯಾರಿದವರಿಗೆ ಕಹಿನೀರು ಸಿಹಿಯಾದ ಮೇಲೆ. ಈ ಎಲ್ಲ ಹೆಸರುಗಳೂ ಯೇಸುವಿನಲ್ಲಿ ಕೂಡಿವೆಯೆಂದು ನಾವು ನಂಬುತ್ತೇವೆ. ಆತನೂ ರೋಗಿಯನ್ನು ಮುಟ್ಟುವುದಕ್ಕೆ ಮೊದಲು ನಿಂತು ನೋಡಿದ, ಎಂದೆ. ಕಟ್ಟೆಯ ಮೇಲಿನಿಂದ ಪ್ರಕಾಶ ಗಟ್ಟಿಯಾಗಿ “ಹೂಂ” ಎಂದ. ನನ್ನ ಪ್ರಸಂಗಗಳಿಗೆ ಅಷ್ಟು ನೇರವಾದ ಒಪ್ಪಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಗೋಡೆಯ ಗೂಡು ಖಾಲಿಯೇ ಇತ್ತು. ಯಾರೂ ಏನೂ ಕೇಳಲಿಲ್ಲ, ಪಾಯಸ ಕುಡಿದು ಹೋದರು.

ಶನಿವಾರ ಅದೇ ಕಲ್ಲನ್ನು ಹೊತ್ತುಕೊಂಡು ಮತ್ತೆ ಲಗೇಜಿಗೆ ದುಡ್ಡು ಕೊಟ್ಟು ಶಿಕಾರಿಪುರಕ್ಕೆ ಬಂದೆ. ಖಾದರ್ ಸಾಬರು ಆಶ್ಚರ್ಯದಿಂದ ಎದ್ದು ನಿಂತರು. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ, ಎಲ್ ರೋಯಿ ಎಂಬ ಹೊಸ ಹೆಸರು ಕೆತ್ತಬೇಕೆಂದೆ. ದಾಸಿಯ ಕಥೆ ಶುರುಮಾಡಿದೆನಷ್ಟೇ, ಅವರು ಕೈ ಎತ್ತಿ ತಡೆದರು.

“ಗೊತ್ತೈತ್ರೀ. ನಮ್ಮ ಹಾಜಿರಾ ತಾಯಿ. ನೀರಿಗಾಗಿ ಆ ಗುಡ್ಡದಿಂದ ಈ ಗುಡ್ಡಕ್ಕೆ ಓಡಿದಾಕಿ.” ಸ್ವಲ್ಪ ಹೊತ್ತು ಕಲ್ಲನ್ನು ತಿರುಗಿಸಿ ನೋಡಿ, “ಹಿಂದಿನ ಮೈಗೆ ಪಾಲಿಶ್ ಹೊಡೆದು ಕೆತ್ತಬಹುದು. ಎಂಟು ದಿನ ಬೇಕು. ಈ ಹಳೇ ಹೆಸ್ರನ್ನ ಉಜ್ಜಿ ತೆಗೀಲೇನ್ರಿ?” ಎಂದರು.

ಈ ಸಲ ನಾನೇ ತೀರ್ಮಾನಿಸಲಿಲ್ಲ. ಸುಜಾತಳಿಗೆ ಫೋನು ಮಾಡಿದೆ. ಅವಳು “ರೀ, ರಾಫಾ ಅನ್ನೋದನ್ನ ಅಳಿಸ್ಲಾ ಅಂತ ಕೇಳ್ತಿದಾರೆ,” ಎಂದು ಗಂಡನನ್ನು ಕೇಳಿದ್ದು ನನಗೂ ಕೇಳಿಸಿತು. ಆಮೇಲೆ ಪ್ರಕಾಶನ ದನಿ ಬಂತು.

“ಬೇಡ.”

ಮತ್ತೊಮ್ಮೆ, ಇನ್ನೂ ಜೋರಾಗಿ, “ಬೇಡ.”

“ಇರಲಿ ಟೀಚರ್,” ಸುಜಾತ ಹೇಳಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಅದು ಗೋಡೆ ಕಡೆಗೆ ಇರಲಿ. ನಾವು ಅದನ್ನ ಬಿಟ್ಟಿಲ್ಲ. ಊರಿಗೆ ತೋರಿಸೋದು ಬೇಡ, ಅಷ್ಟೇ.”

ಖಾದರ್ ಸಾಬರಿಗೆ ಹಾಗೆಯೇ ಹೇಳಿದೆ. ಅವರು ತಲೆಯಾಡಿಸಿದರು. ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸು ಹಾರ್ನು ಹಾಕುತ್ತಿತ್ತು. ಓಣಿಯ ತುದಿಯಿಂದ ಒಮ್ಮೆ ತಿರುಗಿ ನೋಡಿದೆ. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿದರು. ಬಂಗಾರದ ಬಣ್ಣ ಏಳದ ಹಾಗೆ ಆ ಹೆಸರನ್ನು ಮೆಲ್ಲಗೆ ಅದರ ಮೇಲೆ ಬೋರಲು ಮಲಗಿಸಿ, ಉಳಿ ಕೈಗೆತ್ತಿಕೊಂಡರು.