ಸಾಹೇಬರ ಕಾರಿನ ಪೆಟ್ರೋಲ್ ಮುಳ್ಳು

ಕಾಲುವೆ ಅಗೆಯುತ್ತಿದ್ದ ಕಾಲ. ಹುಣಸಗಿ ಹತ್ತಿರದ ಕ್ಯಾಂಪಿನಲ್ಲಿ ನನ್ನ ಗಂಡ ಸಾಹೇಬರ ಕಾರು ಓಡಿಸುತ್ತಿದ್ದ, ನಾನು ಅಡುಗೆ ಮಾಡುತ್ತಿದ್ದೆ. ಸಾಹೇಬರು ಮೈಸೂರು ಕಡೆಯ ಇಂಜಿನಿಯರು. ಕಾರು ಆಗಲೇ ಮುದಿಯಾಗಿತ್ತು. ಅದರ ಮೇಲೆ ಅವರಿಗೆ ಪ್ರಾಣ. ಮನುಷ್ಯರ ಮೇಲೆ ಇದ್ದದ್ದು ನಾನು ಕಾಣೆ.

ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಕೆಟ್ಟಿತ್ತೆಂದು ಸುರಪುರದ ಮಿಸ್ತ್ರಿ ಬಂದು ಹೊಸ ಮೀಟರು ಕೂಡಿಸಿದ್ದ. ಮರುದಿನ ಮುಂಜಾನೆ ಗಂಡ ಡ್ರಮ್ಮಿನಿಂದ ಟ್ಯಾಂಕು ತುಂಬಿಸಿದ. ಸಾಹೇಬರು ಬಂದು ನೋಡಿದರೆ ಮುಳ್ಳು ಅರ್ಧಕ್ಕೇ ನಿಂತಿದೆ. ಹಾಜರಿಗೆ ನಿಂತ ಕೂಲಿಯವರೆಲ್ಲ ನೋಡುತ್ತಿದ್ದರು.

"ಇನ್ನರ್ಧ ಎಲ್ಲಿ ಹೋಯ್ತಯ್ಯಾ?"

"ಪೂರಾ ತುಂಬಿಸೇನ್ರಿ."

"ಮೀಟರು ಹೊಸದು, ಅದು ಸುಳ್ಳು ಹೇಳುತ್ತಾ? ಕಳ್ಳ ನೀನು. ಕೀಲಿ ಕೊಡು ಇಲ್ಲಿ."

ಗಂಡ ಕೊಟ್ಟುಬಿಟ್ಟ. ಅವನ ಬಾಯಿ ನನ್ನ ಮೇಲೆ ಮಾತ್ರ ಓಡುತ್ತಿತ್ತು. ಸಾಹೇಬರಿಗಿಂತ ಅವನ ಮೇಲೇ ನನಗೆ ಸಿಟ್ಟು ಬಂತು. ಆದರೆ ಕಳ್ಳನ ಹೆಂಡತಿ ಎನಿಸಿಕೊಂಡು ಆ ಕ್ಯಾಂಪಿನಲ್ಲಿ ರೊಟ್ಟಿ ಬಡಿಯಲು ನಾನು ತಯಾರಿರಲಿಲ್ಲ.

ಮಿಸ್ತ್ರಿ ಇನ್ನೊಂದು ಗಾಡಿಯ ಕೆಲಸಕ್ಕೆಂದು ಅಲ್ಲೇ ಉಳಿದಿದ್ದ. ಹಿಟ್ಟಿನ ಕೈಯಲ್ಲೇ ಹೋದೆ.

"ಟ್ಯಾಂಕಿನ್ಯಾಗ ಎಷ್ಟದ ಅಂತ ಮುಳ್ಳಿಗೆ ಯಾರ ಹೇಳ್ತಾರೋ?"

"ಒಳಗ ಹಳೇ ಹಿತ್ತಾಳಿ ಡಬ್ಬಿ ತೇಲ್ತದ. ಅದು ಏರಿದ್ರ ಮುಳ್ಳು ಏರ್ತದ. ನಿನಗ ಯಾಕ ಬೇಕವ್ವಾ? ರೊಟ್ಟಿ ಬಡಿ ಹೋಗು."

"ಅದನ್ನ ತಗದು ನೋಡಿಯೇನು?"

"ನನಗ ಕಲಿಸಾಕ ಬಂದಾಳ ನೋಡ್ರಿ ಈಕಿ!"

ಕೂಲಿಯವರು ನಕ್ಕರು.

ನನ್ನ ತವರು ಕೃಷ್ಣೆಯ ದಂಡೆ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವರು ನಾವು. ಬುರುಡೆಗೆ ಸೂಜಿಯಷ್ಟು ತೂತು ಬಿದ್ದರೂ ನೀರು ಕುಡಿದು ಅರ್ಧ ಮುಳುಗುತ್ತದೆ. ಅದಕ್ಕೇ ಹೊಳೆಗೆ ಇಳಿಯುವ ಮೊದಲು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆವು.

"ಅದನ್ನ ತಗಿಯೋತನಕ ಸಾಹೇಬಗೂ ರೊಟ್ಟಿಲ್ಲ, ನಿನಗೂ ಇಲ್ಲ" ಎಂದೆ.

ಮಿಸ್ತ್ರಿ ಗೊಣಗುತ್ತಾ ಡಿಕ್ಕಿಯೊಳಗೆ ಬಗ್ಗಿ ಟ್ಯಾಂಕಿನ ಮೇಲಿನ ಸ್ಕ್ರೂ ಬಿಚ್ಚಿದ. ಉದ್ದ ತಂತಿಯ ತುದಿಗೆ ನಿಂಬೆಹಣ್ಣಿನಷ್ಟು ಡಬ್ಬಿ ಹೊರಗೆ ಬಂತು. ಕಸಿದುಕೊಂಡು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಗುಳುಗುಳು. ಅವನ ಕಿವಿಗೂ ಹಿಡಿದೆ. ಮುಖ ಸಣ್ಣದಾಯಿತು. ಒಲೆಯಿಂದ ದೂರಕ್ಕೆ ಬಿಸಿನೀರು ತರಿಸಿ ಅದ್ದಿದರೆ ಬೆಸುಗೆಯ ಅಂಚಿನಿಂದ ಗುಳ್ಳೆ ಎದ್ದವು.

ಸಾಹೇಬರು ಗುಳ್ಳೆ ನೋಡಿದರು. "ಸರಿ, ಬೇಗ ಬೆಸುಗೆ ಹಾಕು. ನಾನು ಶಹಾಪುರಕ್ಕೆ ಹೋಗಬೇಕು."

ನಾನು ಡಬ್ಬಿಯನ್ನು ತಂತಿ ಸಮೇತ ಸೆರಗಿನಲ್ಲಿ ಸುತ್ತಿಕೊಂಡೆ.

"ಇವರೆಲ್ಲರ ಮುಂದ ಕಳ್ಳ ಅಂದ್ರಿ. ಇವರ ಮುಂದನ ಅಲ್ಲ ಅನ್ರಿ."

"ಡಬ್ಬಿ ಕೆಟ್ಟಿತ್ತು. ಆಯ್ತಲ್ಲ?"

"ಡಬ್ಬಿ ಮಾತು ಯಾರ ಕೇಳ್ಯಾರ್ರಿ?"

"ಕೊಡಲೇ ಅತ್ಲಾಗ, ನೌಕರಿ ಹೋಗ್ತದ!" ಎಂದ ಗಂಡ. ಆಗ ಅವನಿಗೆ ಬಾಯಿ ಬಂತು.

"ಹೋಗ್ಲಿ."

ಟ್ಯಾಂಕಿನ ಬಾಯಿ ತೆರೆದೇ ಇತ್ತು, ಪೆಟ್ರೋಲ್ ನಾರುತ್ತಿತ್ತು. ಹಾಗೆ ಕಾರು ಹೊರಡುವಂತಿರಲಿಲ್ಲ. ಸಾಹೇಬರು ಬೂಟು ನೋಡಿಕೊಂಡು "ಅವನು ಕಳ್ಳ ಅಲ್ಲ" ಎಂದರು.

"ಹಿಂದ ನಿಂತೋರಿಗೆ ಕೇಳಸಲಿಲ್ರಿ."

ಇನ್ನೊಮ್ಮೆ ಅಂದರು, ಜೋರಾಗಿ. ಡಬ್ಬಿ ಕೊಟ್ಟೆ.

ಮಿಸ್ತ್ರಿ ಡಬ್ಬಿಯೊಳಗಿನ ಪೆಟ್ರೋಲೆಲ್ಲ ಹೊರಗೆ ತೆಗೆದು ತೂತು ಮುಚ್ಚಿ ಮತ್ತೆ ಕೂಡಿಸಿದ. ಮುಳ್ಳು ತುದಿಗೆ ಏರಿತು, ಕೀಲಿ ಗಂಡನ ಕೈಗೆ ಬಂತು. ಸಾಹೇಬರ ಮಾನ ಕಳೆದೆನೆಂದು ಅವನು ಎಂಟು ದಿನ ನನ್ನ ಜೊತೆ ಮಾತು ಬಿಟ್ಟ. ಎಂಟು ದಿನ ಆರಾಮಾಗಿ ರೊಟ್ಟಿ ಬಡಿದೆ.